ಕ್ರಿಸ್‌ಮಸ್‌ಗೆ ಮುಂಚಿನ ಏಳು ಹಾಡು: ಓದಿದರೆ ಸಾಲದು, ಹಾಡಬೇಕು

ಡಿಸೆಂಬರ್ ಬಂತೆಂದರೆ ಚರ್ಚ್ ಇರುವ ಊರಿನವರಿಗೆ ಹೇಳಬೇಕಾಗಿಲ್ಲ. ಮನೆ ಮುಂದೆ ನಕ್ಷತ್ರದ ದೀಪ ಏರುತ್ತದೆ. ಗೋದಲಿ ಕಟ್ಟಲು ಹುಡುಗರು ಹುಲ್ಲು ತರುತ್ತಾರೆ. ಸಂಜೆಯಾದರೆ ಕ್ಯಾರೋಲ್ ತಂಡ ಮನೆಮನೆಗೆ ಹೊರಡುತ್ತದೆ. ಸ್ಪೀಕರಿನಲ್ಲಿ ‘ಜಿಂಗಲ್ ಬೆಲ್ಸ್’ ಶುರುವಾದರೆ ನಿಲ್ಲುವುದೇ ಇಲ್ಲ. ಅದು ಹಿಮದ ಮೇಲೆ ಕುದುರೆ ಗಾಡಿ ಓಡಿಸುವ ಹಾಡು. ಅದರಲ್ಲಿ ಯೇಸುವಿನ ಹೆಸರೂ ಇಲ್ಲ, ಹಬ್ಬದ ಹೆಸರೂ ಇಲ್ಲ. ನಮ್ಮ ಕಡೆ ಹಿಮ ಕಂಡವರೂ ಇಲ್ಲ. ಆದರೂ ಮಕ್ಕಳಿಗೆ ಖುಷಿ, ಹಾಡಲಿ ಬಿಡಿ.

ನಮ್ಮ ತಕರಾರು ಆ ಹಾಡಿನ ಮೇಲಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಏಳು ಸಂಜೆಗಳಿಗೆಂದೇ ಸಾವಿರ ವರ್ಷಕ್ಕೂ ಹಳೆಯದಾದ ಏಳು ಹಾಡುಗಳಿವೆ. ಅವು ನಮ್ಮ ಚರ್ಚುಗಳ ಪುಸ್ತಕದಲ್ಲೂ ಇವೆ. ಆದರೆ ಜನರ ಬಾಯಲ್ಲಿ ಇಲ್ಲ. ಇಲ್ಲಿ ಬರೆಯುವ ನಮ್ಮಲ್ಲಿ ಚರ್ಚಿಗೆ ಹೋಗುವವರು ಕೆಲವರು, ಹೋಗದವರೇ ಹೆಚ್ಚು. ಈ ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು: ಆ ಏಳು ಹಾಡು ಕನ್ನಡದಲ್ಲಿ ಕೇಳಿಸಬೇಕು. ಅದೂ ಕೀಬೋರ್ಡ್ ಮುಂದಿನ ನಾಲ್ಕು ಜನರಿಂದಲ್ಲ, ಊರಿನವರ ಗಂಟಲಿನಿಂದ.

ಏನು ಈ ಹಾಡುಗಳು? ಲ್ಯಾಟಿನ್ ಭಾಷೆಯವು. ಯುರೋಪಿನ ಕ್ರೈಸ್ತ ಮಠಗಳಲ್ಲಿ ದಿನದ ಬೇರೆ ಬೇರೆ ಹೊತ್ತಿಗೆ ಪ್ರಾರ್ಥನೆಯ ಹಾಡು ನಡೆಯುತ್ತದೆ. ಸಂಜೆಯ ಪ್ರಾರ್ಥನೆಯಲ್ಲಿ ಪ್ರತಿದಿನ ಮರಿಯಮ್ಮನ ಸ್ತುತಿಗೀತೆ ಹಾಡುತ್ತಾರೆ. ಅದಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಒಂದು ಪುಟ್ಟ ಹಾಡು ಬರುತ್ತದೆ. ನಮ್ಮ ಭಜನೆಯ ಪಲ್ಲವಿಯ ಹಾಗೆ ಅಂದುಕೊಳ್ಳಿ. ಡಿಸೆಂಬರ್ 17ರಿಂದ 23ರವರೆಗೆ ಈ ಪಲ್ಲವಿ ದಿನಕ್ಕೊಂದು ಬದಲಾಗುತ್ತದೆ. ಏಳೂ ‘ಓ’ ಎಂಬ ಕೂಗಿನಿಂದ ಶುರುವಾಗುವುದರಿಂದ ಇವಕ್ಕೆ ‘ಓ’ ಹಾಡುಗಳೆಂದೇ ಹೆಸರು. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. 9ನೇ ಶತಮಾನದಲ್ಲಿ ಮೆಟ್ಸ್ ನಗರದ ಅಮಲಾರಿಯಸ್ ಎಂಬ ಪಾದ್ರಿ ಇವುಗಳಿಗೆ ವ್ಯಾಖ್ಯಾನ ಬರೆದಿದ್ದಾರೆ. ಅಂದರೆ ಆ ಹೊತ್ತಿಗಾಗಲೇ ಇವು ಹಳೆಯ ಹಾಡುಗಳು.

ದಿನಕ್ಕೊಂದು ಹಾಡು ಎಂಬ ಲೆಕ್ಕ ನಮಗೆ ಹೊಸದಲ್ಲ. ಹೆಚ್ಚು ಕಡಿಮೆ ಇದೇ ದಿನಗಳಲ್ಲಿ, ಡಿಸೆಂಬರ್ 16ರ ಸುಮಾರಿಗೆ, ಧನುರ್ಮಾಸ ಕೂಡಿಬರುತ್ತದೆ. ಮೇಲುಕೋಟೆಯಂಥ ಶ್ರೀವೈಷ್ಣವ ಕ್ಷೇತ್ರಗಳಲ್ಲಿ ಬೆಳಕು ಹರಿಯುವ ಮುಂಚೆ ಆಂಡಾಳಿನ ತಿರುಪ್ಪಾವೈಯಿಂದ ದಿನಕ್ಕೊಂದು ಪಾಶುರ. ಮೂವತ್ತು ದಿನ, ಮೂವತ್ತು ಪಾಶುರ, ಆಮೇಲೆ ಬಿಸಿ ಹುಗ್ಗಿ. ಅಲ್ಲಿ ನಸುಕಿನಲ್ಲಿ, ಇಲ್ಲಿ ಮುಸ್ಸಂಜೆಯಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಟ್ಟಲು ನಾವು ಹೊರಟಿಲ್ಲ. ಚಳಿಯಲ್ಲಿ ಕಾಯುವವರು ಎಣಿಸಿಕೊಂಡು ಹಾಡುತ್ತಾರೆ, ಅಷ್ಟೇ.

ಈಗ ಹಾಡಿನೊಳಕ್ಕೆ ಬರೋಣ. ಏಳೂ ಹಾಡು ಬರಲಿರುವವನನ್ನು ಏಳು ಹೆಸರಿನಿಂದ ಕರೆಯುತ್ತವೆ. ಮೊದಲ ದಿನ ಅವನು ಜ್ಞಾನ. ಎರಡನೇ ದಿನ ಮೋಶೆಗೆ ಉರಿಯುವ ಪೊದೆಯಲ್ಲಿ ಕಾಣಿಸಿಕೊಂಡ ಒಡೆಯ. ಮೂರನೇ ದಿನ ದಾವೀದನ ತಂದೆ ಇಷಯನ ಬೇರು. ನಾಲ್ಕನೇ ದಿನ ದಾವೀದನ ಬೀಗದ ಕೈ. ಐದನೇ ದಿನ ಮೂಡುವ ಬೆಳಕು. ಆರನೇ ದಿನ ಜನಾಂಗಗಳ ಅರಸ. ಕೊನೆಯ ದಿನ, 23ರಂದು, ಇಮ್ಮಾನುವೇಲ್. ಆ ಹೆಸರಿನ ಅರ್ಥ ‘ದೇವರು ನಮ್ಮ ಜೊತೆ ಇದ್ದಾನೆ’ ಎಂದು. ಈ ಮಾತುಗಳಲ್ಲಿ ಹೆಚ್ಚಿನವು ಹಳೆಯ ಒಡಂಬಡಿಕೆಯವು. ಪ್ರವಾದಿ ಯೆಶಾಯನ ಪುಸ್ತಕದಿಂದ ಬಂದದ್ದು ಬಹಳ.

ಹೆಸರು ಹಿಡಿದು ಕರೆದ ಮೇಲೆ ಪ್ರತಿ ಹಾಡೂ ಒಂದು ಬೇಡಿಕೆ ಇಡುತ್ತದೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಬೇಡಿಕೆಗಳೇ. ಕೇಳುವುದು ಕೇಕೂ ಅಲ್ಲ, ಉಡುಗೊರೆಯೂ ಅಲ್ಲ. ಬೀಗದ ಕೈಯ ಹಾಡು ಜೈಲಿನ ಕತ್ತಲೆಯಲ್ಲಿ ಕೂತವನನ್ನು ಹೊರಗೆ ತರಲು ಕೇಳುತ್ತದೆ. ಬೆಳಕಿನ ಹಾಡು ಸಾವಿನ ನೆರಳಲ್ಲಿ ಇರುವವರ ಪರವಾಗಿ ಕೇಳುತ್ತದೆ. ಬೇರಿನ ಹಾಡಿನಲ್ಲಿ ದೊಡ್ಡ ದೊಡ್ಡ ರಾಜರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ, ಹಾಡುವವರು ಮಾತ್ರ ‘ತಡ ಮಾಡಬೇಡ’ ಎಂದು ಅವಸರಿಸುತ್ತಾರೆ. ಅರಸನ ಹಾಡು ಒಡೆದು ಹೋದ ಎರಡನ್ನು ಒಂದು ಮಾಡುವ ಮೂಲೆಗಲ್ಲಿನ ಮಾತಾಡುತ್ತದೆ, ಮಣ್ಣಿನಿಂದ ಮಾಡಿದ ಮನುಷ್ಯನನ್ನು ಉಳಿಸೆಂದು ಬೇಡುತ್ತದೆ. ಹೊಲದಲ್ಲಿ ದುಡಿದು ಸಂಜೆ ಕೈಕಾಲು ತೊಳೆಯುವವರಿಗೆ ‘ಮಣ್ಣಿನ ಮನುಷ್ಯ’ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಪಲ್ಲವಿಗಳ ನಡುವೆ ಬರುವ ಮರಿಯಮ್ಮನ ಹಾಡನ್ನೂ ಮರೆಯಬಾರದು. ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಅದಿದೆ, ತೆಗೆದು ಓದಿ. ಬಸಿರಿ ಹೆಣ್ಣುಮಗಳೊಬ್ಬಳು ಹಾಡುವ ಹಾಡು. ಅಧಿಕಾರದಲ್ಲಿ ಕೂತವರು ಗದ್ದುಗೆಯಿಂದ ಇಳಿಯುತ್ತಾರೆ, ಕೆಳಗಿದ್ದವರು ಮೇಲೇರುತ್ತಾರೆ, ಹಸಿದವರ ಹೊಟ್ಟೆ ತುಂಬುತ್ತದೆ, ಉಳ್ಳವರು ಬರಿಗೈಲಿ ಹೋಗುತ್ತಾರೆ ಎಂಬುದು ಅದರ ಸಾರ. ‘ಓ’ ಹಾಡುಗಳು ಈ ಹಾಡಿನ ಹೊಸ್ತಿಲು. ಹೊಸ್ತಿಲನ್ನೂ ಮನೆಯನ್ನೂ ಒಟ್ಟಿಗೆ ನೋಡಿದರೆ ಕ್ರಿಸ್‌ಮಸ್ ಎಂದರೆ ಬರೀ ಶಾಂತಾ ಕ್ಲಾಸ್ ಎಂದುಕೊಂಡಿರುವ ನಮ್ಮ ಊರಿನ ಬೇರೆ ಧರ್ಮದವರಿಗೂ ಆ ಹಬ್ಬ ಬೇರೆಯದೇ ಆಗಿ ಕಂಡೀತು.

ಈ ಹಾಡುಗಳ ಬಗ್ಗೆ ಒಂದೆರಡು ರಂಜನೆಯ ಸಂಗತಿ ಎಲ್ಲ ಕಡೆ ಓಡಾಡುತ್ತಿವೆ. ಒಂದು ನಮಗೆ ಇಷ್ಟ, ಇನ್ನೊಂದರ ಮೇಲೆ ಅನುಮಾನ. ಇಷ್ಟವಾದದ್ದು ಇದು: ಏಳು ಲ್ಯಾಟಿನ್ ಹೆಸರುಗಳ ಮೊದಲ ಅಕ್ಷರವನ್ನು ಕೊನೆಯಿಂದ ಹಿಂದಕ್ಕೆ ಓದಿಕೊಂಡು ಬಂದರೆ ‘ಏರೋ ಕ್ರಾಸ್’ ಎಂದಾಗುತ್ತದೆ. ‘ನಾಳೆ ಇರುತ್ತೇನೆ’ ಎಂದು ಅದರ ಅರ್ಥ. ಏಳು ದಿನ ‘ಬಾ, ಬಾ’ ಎಂದು ಕರೆದವರಿಗೆ 23ರ ರಾತ್ರಿ ಅಕ್ಷರಗಳ ಒಳಗಿಂದಲೇ ಉತ್ತರ ಸಿಕ್ಕ ಹಾಗೆ. ಒಂದು ಕಾಲಕ್ಕೆ ನಮ್ಮ ಕಡೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರಲ್ಲ, ಇದು ಅದರ ತಿರುಗುಮುರುಗು. ಬರೆದವರು ಬೇಕೆಂದೇ ಹೀಗೆ ಜೋಡಿಸಿದರೋ, ಆಮೇಲಿನವರು ಕಂಡುಕೊಂಡರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಕನ್ನಿಕೆ ಮರಿಯಳ ಬಗ್ಗೆ ಎಂಟನೆಯ ಹಾಡೊಂದನ್ನು ಕೊನೆಗೆ ಸೇರಿಸಿ 16ರಿಂದಲೇ ಶುರು ಮಾಡುತ್ತಿದ್ದರು. ಅವರ ಲೆಕ್ಕದಲ್ಲಿ ಆ ಮಾತಿನ ಮುಂದೆ ಇನ್ನೊಂದು ಅಕ್ಷರ ಕೂಡಿಕೊಂಡಿತು.

ಅನುಮಾನದ್ದು ಬೆಳಕಿನ ಹಾಡಿನ ಸಂಗತಿ. ಅದು ಬರುವುದು ಡಿಸೆಂಬರ್ 21ರಂದು, ಅದು ವರ್ಷದ ಅತಿ ಚಿಕ್ಕ ಹಗಲು, ಹಾಗಾಗಿ ಹಿಂದಿನವರು ನೋಡಿಯೇ ಆ ದಿನಕ್ಕೆ ಇಟ್ಟರು ಎಂದು ಹೇಳುತ್ತಾರೆ. ಕೇಳಲು ಚಂದ. ಆದರೆ ಈ ಹಾಡು ಹುಟ್ಟಿದ ಕಾಲದಲ್ಲಿ ಯುರೋಪಿನಲ್ಲಿ ಇದ್ದದ್ದು ಹಳೆಯ ಜೂಲಿಯನ್ ಕ್ಯಾಲೆಂಡರ್. ಅದು ಸೂರ್ಯನ ಲೆಕ್ಕಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. 1582ರಲ್ಲಿ ಹತ್ತು ದಿನ ಕಳೆದು ಅದನ್ನು ಸರಿ ಮಾಡಿದರು. ಆ ಕಾಲದ 21ನೇ ತಾರೀಖು ಅತಿ ಚಿಕ್ಕ ಹಗಲಾಗಿರಲಿಲ್ಲ. ಹಾಗೆಂದು ಹಾಡಿನ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಸಂಜೆ ನಾಲ್ಕಕ್ಕೇ ಕತ್ತಲಾಗುವ ಸೀಮೆಯಲ್ಲಿ ದೀಪ ಹಚ್ಚಿಕೊಂಡು ಬೆಳಕನ್ನು ಕರೆಯುವವರಿಗೆ ತಾರೀಖು ಯಾವುದಾದರೇನು?

ನಮಗೆ ತುಂಬ ಹಿಡಿಸಿದ ಸಂಗತಿ ಬೇರೆ ಇದೆ. ಈ ಹಾಡು ಎತ್ತುತ್ತಿದ್ದವರು ಯಾರು ಎಂಬುದು.

ಕೆಲವು ಮಠಗಳಲ್ಲಿ ಏಳು ದಿನವೂ ಒಬ್ಬ ಹಾಡುಗಾರನೇ ಹಾಡು ಎತ್ತುತ್ತಿರಲಿಲ್ಲ. ಮಠದ ಬೇರೆ ಬೇರೆ ಕೆಲಸ ಹೊತ್ತವರು ಒಂದೊಂದು ದಿನ ಎತ್ತುತ್ತಿದ್ದರು. ಬೇರಿನ ಹಾಡು ತೋಟ ನೋಡಿಕೊಳ್ಳುವವರದು. ಬೀಗದ ಕೈಯ ಹಾಡು ಉಗ್ರಾಣಿಯದು, ಯಾಕೆಂದರೆ ಮಠದ ದವಸ ಧಾನ್ಯದ ಕೋಣೆಯ ಕೀಲಿ ಇರುತ್ತಿದ್ದದ್ದು ಅವರ ಸೊಂಟದಲ್ಲಿ. ಹಾಡು ಎತ್ತಿದವರು ಆ ದಿನ ಉಳಿದವರಿಗೆ ತಿನ್ನಲು ಏನಾದರೂ ವಿಶೇಷ ಕೊಡಿಸಬೇಕು ಎಂಬ ರೂಢಿಯೂ ಇತ್ತು. ಇಂಗ್ಲೆಂಡಿನ ಡರಹಂ ಮಠದ ಹಳೆಯ ಪದ್ಧತಿಗಳನ್ನು 1593ರಲ್ಲಿ ಬರೆದಿಟ್ಟ ಪುಸ್ತಕವೊಂದಿದೆ. ಮೊದಲ ಹಾಡಿನ ಹೆಸರಿನಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಔತಣದ ಸುದ್ದಿ ಅದರಲ್ಲಿದೆ: ಅಂಜೂರ, ಒಣದ್ರಾಕ್ಷಿ, ಕೇಕು, ಒಂದಿಷ್ಟು ಏಲ್ ಎಂಬ ಬಿಯರು. ಅತಿಯಾಗದಂತೆ ಎಲ್ಲ ಮಿತಿಯಲ್ಲಿ ಎಂದೂ ಬರೆದವರು ಸೇರಿಸಿದ್ದಾರೆ. ಹಾಗೆ ಬರೆಯಬೇಕಾಗಿ ಬಂದದ್ದು ಯಾಕೋ ಎಂದು ನಮ್ಮಲ್ಲಿ ಕೆಲವರು ನಕ್ಕರು.

ತೋಟದವರು ಬೇರನ್ನು ಕರೆಯುವುದು, ಕೀಲಿ ಕಾಯುವವರು ಕೀಲಿಯನ್ನು ಕರೆಯುವುದು. ಹಾಡು ಮತ್ತು ಕೆಲಸ ಅಲ್ಲಿ ಬೇರೆ ಬೇರೆ ಆಗಿರಲಿಲ್ಲ. ನಮ್ಮ ರಾಗಿ ಬೀಸುವ ಪದ, ನಾಟಿ ಪದ, ಸೋಬಾನೆ ಇದ್ದ ಹಾಗೆ. ಬೀಸುವವರೇ ಹಾಡುವವರು.

ಈಗ ನಮ್ಮ ಕಡೆ ನೋಡಿ. ಕಥೋಲಿಕ ಚರ್ಚಿನಲ್ಲಿ ಸಂಜೆಯ ಆ ದೀರ್ಘ ಪ್ರಾರ್ಥನೆ ಪಾದ್ರಿಗಳದ್ದು, ಸಿಸ್ಟರುಗಳದ್ದು. ಸಾಮಾನ್ಯ ಜನರಿಗೆ ಈ ಮಾತುಗಳು ಸಿಗುವುದು ಬೇರೊಂದು ಜಾಗದಲ್ಲಿ. ಎರಡನೇ ವ್ಯಾಟಿಕನ್ ಸಭೆಯ ನಂತರ ಪೂಜೆಯ ವಾಚನಗಳನ್ನು ಹೊಸದಾಗಿ ಜೋಡಿಸಿದಾಗ, ಡಿಸೆಂಬರ್ 17ರಿಂದ 24ರವರೆಗಿನ ದಿನಗಳಲ್ಲಿ ಶುಭಸಂದೇಶ ಓದುವ ಮುಂಚಿನ ಅಲ್ಲೆಲೂಯದ ಜೊತೆಗೆ ಇವುಗಳನ್ನೇ ಸ್ವಲ್ಪ ಬದಲಿಸಿ ಇಟ್ಟರು. ಒಳ್ಳೆಯ ಕೆಲಸ. ಆದರೆ ವಾರದ ದಿನದ ಬೆಳಗಿನ ಪೂಜೆಗೆ ಬರುವವರು ಬೆರಳೆಣಿಕೆ. ನಾವು ಕಂಡ ಕಡೆಗಳಲ್ಲಿ ಒಬ್ಬರು ಎದ್ದು ನಿಂತು ಒಂದೇ ಉಸಿರಿನಲ್ಲಿ ಆ ಸಾಲು ಓದಿ ಮುಗಿಸುತ್ತಾರೆ. ಸಾವಿರ ವರ್ಷದ ಹಾಡು ಹತ್ತು ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಅದು ಹಾಡೆಂಬುದೇ ಓದಿದವರಿಗೂ ಗೊತ್ತಿರುವುದಿಲ್ಲ, ಕೇಳಿದವರಿಗೂ ಗೊತ್ತಿರುವುದಿಲ್ಲ.

ಆಂಗ್ಲಿಕನ್ನರ 1662ರ ಪ್ರಾರ್ಥನಾ ಪುಸ್ತಕದ ಕ್ಯಾಲೆಂಡರ್ ನೋಡಿದರೆ ಡಿಸೆಂಬರ್ 16ರ ಮುಂದೆ ‘ಓ ಸಪಿಯೆನ್ಶಿಯಾ’ ಎಂಬ ಎರಡು ಲ್ಯಾಟಿನ್ ಪದ ಇವೆ. ಮೊದಲ ಹಾಡಿನ ಹೆಸರು ಅದು. ಆ ಪುಸ್ತಕದೊಳಗೆ ಎಷ್ಟು ಹುಡುಕಿದರೂ ಹಾಡು ಮಾತ್ರ ಇಲ್ಲ. ನಮ್ಮ ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮಗಳಿರುತ್ತವಲ್ಲ, ಹೆಸರಿದೆ, ಸರ್ವೆ ನಂಬರಿದೆ, ಒಂದು ಮನೆಯೂ ಇಲ್ಲ. ಹಾಗೆ. ಕನ್ನಡದಲ್ಲೂ ಈ ಏಳು ಹಾಡು ಬೇಚರಾಕ್ ಆಗುತ್ತಿವೆ ಎಂಬುದೇ ನಮ್ಮ ಕಳವಳ. ಪುಸ್ತಕದಲ್ಲಿ ಪುಟ ಇದೆ, ಹಾಡುವ ಬಾಯಿ ಇಲ್ಲ.

ಕೆಲವರು ಹೇಳಬಹುದು, ‘ಓ ಕಮ್ ಓ ಕಮ್ ಇಮ್ಯಾನುಯೆಲ್’ ಹಾಡುತ್ತೇವಲ್ಲ, ಅದೇ ಇದು ಎಂದು. ಹೌದು, ಅದರ ಬೇರು ಇಲ್ಲೇ. ಈ ಹಾಡುಗಳನ್ನು ಪ್ರಾಸಬದ್ಧ ಪದ್ಯ ಮಾಡಿದ ಲ್ಯಾಟಿನ್ ಗೀತೆಯೊಂದು 1710ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಅಚ್ಚಾಯಿತು. ಜಾನ್ ಮೇಸನ್ ನೀಲ್ ಎಂಬ ಇಂಗ್ಲಿಷ್ ಪಾದ್ರಿ 1851ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಈಗ ಎಲ್ಲರೂ ಹಾಡುವ ರಾಗ ಎಲ್ಲಿಯದೆಂದು ಬಹಳ ಕಾಲ ಗೊತ್ತಿರಲಿಲ್ಲ. 1966ರಲ್ಲಿ ಮೇರಿ ಬೆರ್ರಿ ಎಂಬ ಸಂಗೀತ ವಿದ್ವಾಂಸೆ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ 15ನೇ ಶತಮಾನದ ಹಸ್ತಪ್ರತಿಯಲ್ಲಿ ಅದನ್ನು ಕಂಡರು. ಹೆಣ ಒಯ್ಯುವ ಮೆರವಣಿಗೆಯಲ್ಲಿ ಹಾಡುತ್ತಿದ್ದ ರಾಗ ಅದು! ಚಂದದ ರಾಗ, ಒಪ್ಪುತ್ತೇವೆ. ಆದರೆ ಆ ಗೀತೆಯಲ್ಲಿ ಒಂದು ಎಡವಟ್ಟಿದೆ. ಏಳನೆಯ ದಿನ ಬರಬೇಕಾದ ಇಮ್ಮಾನುವೇಲ್ ಎಂಬ ಹೆಸರು ಅದರ ಮೊದಲ ಸಾಲಿಗೇ ಬಂದುಬಿಡುತ್ತದೆ. ಒಗಟು ಹೇಳುವ ಮುಂಚೆಯೇ ಉತ್ತರ ಹೇಳಿದ ಹಾಗೆ. ಏಳು ದಿನ ಎಣಿಸುವ ಸುಖ ಐದು ನಿಮಿಷದ ಹಾಡಿನಲ್ಲಿ ಸಿಗುವುದಿಲ್ಲ.

ಇನ್ನು ಭಾಷೆಯ ಮಾತು. ಲ್ಯಾಟಿನ್ ಹಾಡು ಲ್ಯಾಟಿನ್ನಿನಲ್ಲೇ ಇರಲಿ, ತರ್ಜುಮೆಯಾದರೆ ಕಳೆ ಹೋಗುತ್ತದೆ ಎನ್ನುವವರಿದ್ದಾರೆ. ಅವರ ಮಾತಿಗೆ ಬಲ ಇಲ್ಲದಿಲ್ಲ. 1963ರ ಡಿಸೆಂಬರಿನಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ವ್ಯಾಟಿಕನ್ ಸಭೆಯ ದಾಖಲೆಯೇ ಗ್ರೆಗೋರಿಯನ್ ಗಾಯನಕ್ಕೆ ಮೊದಲ ಮಣೆ ಹಾಕಿದೆ. ಕಲಿತವರು ಲ್ಯಾಟಿನ್ನಿನಲ್ಲಿ ಹಾಡಲಿ, ನಾವೂ ಕೇಳುತ್ತೇವೆ. ಆದರೆ ತರ್ಜುಮೆಯ ಆಸೆ ಇವತ್ತಿನದಲ್ಲ. ಇಂಗ್ಲೆಂಡಿನ ಎಕ್ಸಿಟರ್ ಕೆಥೀಡ್ರಲ್‌ನಲ್ಲಿ 10ನೇ ಶತಮಾನದ ಒಂದು ಕೈಬರಹದ ಪುಸ್ತಕ ಇದೆ. ಅದು ಶುರುವಾಗುವುದೇ ಈ ಹಾಡುಗಳನ್ನು ಹಿಡಿದು ಹಳೆಯ ಇಂಗ್ಲಿಷಿನಲ್ಲಿ ಬೆಳೆಸಿದ ಕವಿತೆಗಳಿಂದ. ಮೊದಲ ಹಾಳೆಗಳು ಕಳೆದುಹೋಗಿವೆ, ಹನ್ನೆರಡು ಭಾಗ ಉಳಿದಿದೆ. ಪದಕ್ಕೆ ಪದ ಇಟ್ಟ ತರ್ಜುಮೆ ಅದಲ್ಲ. ಕವಿ ಪ್ರತಿ ಹಾಡನ್ನೂ ತನ್ನ ಭಾಷೆಯ ಛಂದಸ್ಸಿನಲ್ಲಿ ಹಿಗ್ಗಿಸಿ ಬರೆದಿದ್ದಾರೆ. ಎಸ್ಟೋನಿಯಾದ ಸಂಗೀತಗಾರ ಆರ್ವೋ ಪಾರ್ಟ್ 1988ರಲ್ಲಿ ಏಳನ್ನೂ ಜರ್ಮನ್ ಭಾಷೆಯಲ್ಲಿ ಬರ್ಲಿನ್ನಿನ ಗಾಯಕವೃಂದಕ್ಕೆಂದು ಸ್ವರ ಹಾಕಿ ಕೊಟ್ಟರು. ಇಷ್ಟೆಲ್ಲ ಭಾಷೆಗೆ ಒಗ್ಗಿದ ಹಾಡು ಕನ್ನಡಕ್ಕೆ ಒಗ್ಗದೇನು?

ಕನ್ನಡದಲ್ಲಿ ದಾರಿ ಹಾಕಿಕೊಟ್ಟವರೂ ಇದ್ದಾರೆ. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು. ಅದೇ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಪುಸ್ತಕದಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಪದ್ಯ ಮಾಡಿ ಹೇಳಿದರು. ಜರ್ಮನಿಯಿಂದ ಬಂದವರಿಗೆ ಹೊಳೆದದ್ದು ನಮಗೆ ಹೊಳೆಯಬಾರದೇ?

ಹಾಗಾದರೆ ಯಾವ ರಾಗದಲ್ಲಿ ಹಾಡಬೇಕು? ಸಿನಿಮಾ ಧಾಟಿ ಬೇಡ ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ. ಲ್ಯಾಟಿನ್ ಧಾಟಿಗೆ ಕನ್ನಡ ಪದ ತುರುಕುವುದೂ ಬೇಡ, ಒತ್ತಕ್ಷರಗಳು ಕಾಲು ಮುರಿದುಕೊಂಡು ಬೀಳುತ್ತವೆ. ಮೂಲದ ಗುಟ್ಟು ನೋಡಿ: ಏಳಕ್ಕೂ ಒಂದೇ ಧಾಟಿ, ತಾಳವಿಲ್ಲ, ವಾದ್ಯ ಬೇಕಿಲ್ಲ, ಮಾತು ಎಳೆದ ಕಡೆಗೆ ರಾಗ ಹೋಗುತ್ತದೆ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಕಲೆ ಇದೆ, ಗಮಕ. ಕುಮಾರವ್ಯಾಸನ ಭಾರತವನ್ನು ಗುಡಿಯ ಜಗಲಿಯಲ್ಲಿ ವಾಚನ ಮಾಡುವುದು ಕೇಳಿದ್ದೀರಲ್ಲ, ಅಲ್ಲೂ ತಾಳವಿಲ್ಲ, ಅರ್ಥವೇ ಯಜಮಾನ. ಒಬ್ಬ ಗಮಕಿಯನ್ನು ಚರ್ಚಿಗೆ ಕರೆದು ಕೂರಿಸಿಕೊಂಡರೆ ಎರಡು ಸಂಜೆಯಲ್ಲಿ ಕೆಲಸ ಆದೀತು.

ಮೊದಲ ಅಕ್ಷರದ ಸಮಸ್ಯೆ ಒಂದಿದೆ. ಲ್ಯಾಟಿನ್ನಿನಲ್ಲಿ ‘ಓ’ ಎಂದರೆ ಕರೆ. ನಮ್ಮಲ್ಲಿ ‘ಓ’ ಎಂದರೆ ಉತ್ತರ. ಹಿತ್ತಲಿನಿಂದ ಅವ್ವ ಕೂಗಿದರೆ ಹಟ್ಟಿಯಲ್ಲಿದ್ದವರು ‘ಓ’ ಅನ್ನುತ್ತಾರೆ, ಅದಕ್ಕೇ ‘ಓಗೊಡು’ ಎಂಬ ಮಾತು ಹುಟ್ಟಿದ್ದು. ‘ಓ ಜ್ಞಾನವೇ, ಓ ಅರಸನೇ’ ಎಂದು ಶುರು ಮಾಡಿದರೆ ಕಂಪನಿ ನಾಟಕದ ಹಾಗೆ ಕೇಳಿಸುತ್ತದೆ. ಕನ್ನಡ ದೇವರನ್ನು ಕರೆಯುವುದು ಅಯ್ಯಾ ಎಂದು, ತಂದೆಯೇ ಎಂದು, ಬಾರಯ್ಯಾ ಎಂದು. ಜೊತೆಗೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹೆಸರು ಹೇಳಿ, ಬೇಡಿಕೆ ಹೇಳಿ, ಕಟ್ಟಕಡೆಗೆ ‘ಬಾ’ ಎಂದು ನಿಲ್ಲಿಸಬಹುದು. ನಮಗೆ ಇದು ಅನುಕೂಲ. ಹೀಗಿದ್ದರೆ ‘ಓ’ ಎಲ್ಲಿ ಹೋಯಿತು? ಅದನ್ನು ಜನರಿಗೆ ಕೊಡಿ. ಒಬ್ಬರು ಕರೆಯಲಿ, ಪ್ರತಿ ಹಾಡಿನ ಕೊನೆಗೆ ಉಳಿದವರೆಲ್ಲ ‘ಓ’ ಎಂದು ದನಿಗೂಡಿಸಲಿ.

ಆ ಒಬ್ಬರು ಯಾರಾಗಬೇಕು ಎಂಬುದರಲ್ಲಿ ಮಾತ್ರ ನಾವು ರಾಜಿಗೆ ತಯಾರಿಲ್ಲ. ಮೂರನೇ ಸಂಜೆ, ಬೇರಿನ ಹಾಡನ್ನು, ಅಡಿಕೆ ತೋಟಕ್ಕೋ ಕಾಫಿ ತೋಟಕ್ಕೋ ಕೂಲಿಗೆ ಹೋಗುವವರು ಎತ್ತಲಿ. ನಾಲ್ಕನೇ ಸಂಜೆ, ದಿನಾ ಬೆಳಗ್ಗೆ ಚರ್ಚಿನ ಬಾಗಿಲು ತೆಗೆದು ಕಸ ಗುಡಿಸುವ ಅಕ್ಕನೋ ಗಂಟೆ ಹೊಡೆಯುವ ಅಣ್ಣನೋ ಎತ್ತಲಿ, ಕೀಲಿ ಇರುವುದು ಅವರ ಹತ್ತಿರ ತಾನೇ. ಬೆಳಕಿನ ಹಾಡನ್ನು ಲೈನ್‌ಮನ್ ಎತ್ತಿದರೂ ನಮಗೆ ಸಂತೋಷ. ಸ್ವರ ತಪ್ಪಬಹುದು, ತಪ್ಪಲಿ. ಹಾಡು ಎತ್ತಿದವರ ಹೆಸರಿನಲ್ಲಿ ಆ ಸಂಜೆ ಎಲ್ಲರಿಗೂ ಒಂದು ಹಿಡಿ ಕಡಲೆ, ಒಂದು ಲೋಟ ಬೆಲ್ಲದ ಕಾಫಿ. ಆ ಖರ್ಚು ಮಾತ್ರ ಚರ್ಚಿನದೇ ಇರಲಿ, ಕೂಲಿಯವರ ಜೇಬಿಗೆ ಕೈ ಹಾಕುವುದು ಬೇಡ.

ಮೂಲ ಹೇಗಿರುತ್ತದೆಂದು ಕೇಳುವ ಆಸೆ ಇದ್ದವರು ಯೂಟ್ಯೂಬಿನಲ್ಲಿ ‘ಓ ಆಂಟಿಫನ್ಸ್’ ಎಂದು ಹುಡುಕಿ. ಒಂದೊಂದೂ ಪುಟ್ಟದು, ಡೇಟಾ ಹೆಚ್ಚೇನೂ ಸುಡುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು, ಏಳನ್ನೂ ಒಂದೇ ದಿನ ಕೇಳದೆ, ದಿನಕ್ಕೊಂದರಂತೆ ಕೇಳಿ ನೋಡಿ. ನಿಮ್ಮ ಊರಿನ ಚರ್ಚಿನಲ್ಲಿ ಇವನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ಲ್ಯಾಟಿನ್ನಿನಲ್ಲೋ ಹಾಡಿದ ನೆನಪಿರುವ ಹಿರಿಯರು ಇದ್ದರೆ, 17ರ ಒಳಗೆ ಅವರ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪದ ಮರೆತಿದ್ದರೂ ಪರವಾಗಿಲ್ಲ, ಧಾಟಿ ಗುನುಗಿದರೆ ಸಾಕು. ನಮಗೆ ಕಳಿಸಿದರೆ ಹಾಡಿದವರ ಒಪ್ಪಿಗೆ ಕೇಳಿ ಇಲ್ಲೇ ಹಾಕುತ್ತೇವೆ.